ಬೆನ್ನ ಮೇಲಿನ ನಂಬರು

ಗ್ರಂಥಾಲಯದಲ್ಲಿ ಕೆಲಸ ಮಾಡುವವರೆಲ್ಲ ಪುಸ್ತಕ ಓದುತ್ತಾರೆ ಎಂಬ ಮೂಢನಂಬಿಕೆಯೊಂದು ಲೋಕದಲ್ಲಿದೆ. ಔಷಧಿ ಅಂಗಡಿಯವನನ್ನು ನೋಡಿ, ಇವನು ಈ ಮಾತ್ರೆಗಳನ್ನೆಲ್ಲ ನುಂಗಿ ನೋಡಿದ್ದಾನೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆಯೇ? ಇಲ್ಲ. ಆದರೆ ನನ್ನನ್ನು ಕಂಡರೆ ಮಾತ್ರ ದಾರಿಯಲ್ಲಿ ಹೋಗುವವರೂ ನಿಲ್ಲಿಸಿ, "ನೀವು ಬಿಡಿ ಸಾರ್, ಎಷ್ಟು ಓದಿರ್ತೀರೋ" ಎನ್ನುತ್ತಾರೆ. ನಾನು ವಿನಯದಿಂದ ನಗುತ್ತೇನೆ. ವಿನಯದ ನಗುವಿನ ಹಿಂದೆ ಏನು ಬೇಕಾದರೂ ಮುಚ್ಚಿಡಬಹುದು.

ನಾನು ವರ್ಗೀಕಾರ. ಹೊಸ ಪುಸ್ತಕ ಬಂದರೆ ಅದು ಯಾವ ವಿಷಯದ್ದು ಎಂದು ತೀರ್ಮಾನಿಸಿ, ಆ ವಿಷಯದ ನಂಬರನ್ನು ಅದರ ಬೆನ್ನಿಗೆ ಅಂಟಿಸಿ, ಒಳಗೊಂದು ಕಾರ್ಡು ಬರೆದಿಟ್ಟು, ತಕ್ಕ ಕಪಾಟಿಗೆ ಕಳಿಸುವುದು ನನ್ನ ಕೆಲಸ. ದಿನಕ್ಕೆ ನಲವತ್ತು ಪುಸ್ತಕ, ಒಂದಕ್ಕೆ ಹತ್ತು ನಿಮಿಷ. ಶೀರ್ಷಿಕೆ ನೋಡು, ಪರಿವಿಡಿ ನೋಡು, ಹಿಂಬದಿಯ ಹೊದಿಕೆ ನೋಡು, ನಂಬರು ಜಡಿ. ಇಪ್ಪತ್ತೆರಡು ವರ್ಷಗಳಲ್ಲಿ ಹೀಗೆ ಎರಡು ಲಕ್ಷ ಪುಸ್ತಕಗಳನ್ನು ದಡ ಸೇರಿಸಿದ್ದೇನೆ. ಅವುಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದವನ್ನು ಒಂದೇ ಕೈಯಲ್ಲಿ ಎಣಿಸಬಹುದು. ಆಮೇಲೂ ಮೂಗು ಕೆರೆದುಕೊಳ್ಳಲು ಬೆರಳು ಉಳಿಯುತ್ತದೆ. ಹತ್ತು ವರ್ಷದ ಹಿಂದೆ 'ಉತ್ತಮ ವರ್ಗೀಕಾರ' ಎಂದು ಕೆತ್ತಿದ ದೊಡ್ಡದೊಂದು ಬೆಳ್ಳಿ ಬಣ್ಣದ ಕಪ್ಪನ್ನೂ ನನಗೆ ಕೊಟ್ಟಿದ್ದಾರೆ. ಅದು ಮನೆಯ ಷೋಕೇಸಿನಲ್ಲಿದೆ. (ಇದೆ ಎಂದುಕೊಂಡಿದ್ದೆ.)

ಈ ಗುಟ್ಟು ನನ್ನ ಹೆಂಡತಿಗೆ ಗೊತ್ತಿರಲಿಲ್ಲ. ಹೆಣ್ಣು ನೋಡಲು ಹೋದಾಗ ನನ್ನ ಸೋದರಮಾವ, "ಹುಡುಗ ಪುಸ್ತಕದ ಹುಳು" ಎಂದು ಹೊಗಳಿದ್ದರು. ಹುಳುವೂ ಪುಸ್ತಕ ಓದುವುದಿಲ್ಲ ಎಂಬುದನ್ನು ಅವಳ ಕಡೆಯವರು ಯೋಚಿಸಲಿಲ್ಲ.

ಈಗ ನಮ್ಮ ಅಡುಗೆಮನೆಯ ನಲ್ಲಿಯ ವಿಷಯಕ್ಕೆ ಬರಬೇಕು. ಅದು ಹನ್ನೊಂದು ವರ್ಷಗಳಿಂದ ಸೋರುತ್ತಿದೆ. ಪ್ರತಿ ಶನಿವಾರ ನಾನು, "ನಾಳೆ ಸರಿಮಾಡ್ತೀನಿ" ಎನ್ನುತ್ತೇನೆ. ಪ್ರತಿ ಭಾನುವಾರ ಏನೋ ಒಂದು ಅಡ್ಡ ಬರುತ್ತದೆ, ಹೆಚ್ಚಾಗಿ ನಿದ್ದೆ. ಪ್ಲಂಬರನ್ನು ಕರೆಯೋಣವೆಂದರೆ ನನ್ನ ಪೌರುಷ ಒಪ್ಪುವುದಿಲ್ಲ. "ಒಂದು ವಾಷರ್ ಬದಲಾಯಿಸೋಕೆ ಹೊರಗಿನವರು ಯಾಕೆ? ಮನೇಲಿ ನಾನಿಲ್ವಾ?" ಎಂದು ಗುಡುಗುತ್ತೇನೆ. "ಇದ್ದೀರಿ, ಇದ್ದೀರಿ" ಎನ್ನುತ್ತಾಳೆ ಅವಳು. ನಲ್ಲಿಯ ಕೆಳಗೆ ಏನೋ ಒಂದು ಪಾತ್ರೆ ಇಟ್ಟಿರುತ್ತಾಳೆ. ಯಾವುದೆಂದು ನಾನು ಬಗ್ಗಿ ನೋಡಿದವನಲ್ಲ.

ಆ ಅಡುಗೆಮನೆಯ ಮೇಜಿನ ಮುಂದೆ, ಆ ಟಪ್ ಟಪ್ ಸದ್ದಿನ ಪಕ್ಕದಲ್ಲಿ ಕೂತು, ಮೂರು ವರ್ಷ ನನ್ನ ಹೆಂಡತಿ ಪುಸ್ತಕವೊಂದನ್ನು ಬರೆದಳು. ಏನು ಬರೀತಿದ್ದೀ ಎಂದು ಕೇಳಿದರೆ, "ಮುಗೀಲಿ, ಆಮೇಲೆ ಓದೋರಂತೆ" ಎಂದು ಹಾಳೆ ಮಗುಚುತ್ತಿದ್ದಳು. ಕೊನೆಗೊಂದು ದಿನ ಅಚ್ಚಾಗಿ ಬಂತು. ಮೊದಲ ಪ್ರತಿಯನ್ನು ನನ್ನ ಕೈಗಿಟ್ಟಳು.

"ಓದಿ ಹೇಳಿ. ನಿಜ ಹೇಳಬೇಕು. ಬೇರೆ ಯಾರು ಏನಂದ್ರೂ ಪರವಾಗಿಲ್ಲ, ನೀವು ಏನಂತೀರೋ ಅಂತಲೇ ನಂಗೆ ಭಯ."

ಶೀರ್ಷಿಕೆ: 'ತೊಟ್ಟಿಕ್ಕುವ ನಲ್ಲಿ'. ಹೊದಿಕೆಯ ಮುಂದೆ ನಲ್ಲಿಯ ಚಿತ್ರ, ಹಿಂದೆ ಒಂದು ಹನಿಯ ಚಿತ್ರ. ಪರಿವಿಡಿ ತೆಗೆದೆ: ಮೊದಲ ಹನಿ, ಸವೆದ ವಾಷರು, ಬಕೆಟ್ಟಿನ ಬದಲು, ತುಕ್ಕು, ಗೋಡೆಗೆ ಇಳಿದ ತೇವ, ಮುಖ್ಯ ಕವಾಟ. ನನ್ನ ಹೃದಯ ತುಂಬಿ ಬಂತು. ಹನ್ನೊಂದು ವರ್ಷ ನನ್ನ ಬೆನ್ನು ಬಿದ್ದು ಸಾಕಾಗಿ, ಪಾಪ, ತಾನೇ ಕಲಿತು ಗೃಹ ದುರಸ್ತಿ ಕೈಪಿಡಿ ಬರೆದಿದ್ದಾಳಲ್ಲ! ಎಂಥ ಸ್ವಾವಲಂಬನೆ! ಪುಸ್ತಕವನ್ನು ಗೌರವದಿಂದ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟೆ. ಅಂದಿನಿಂದ ಅದು ನನ್ನ ಕನ್ನಡಕದ ಪೀಠವಾಯಿತು.

ಒಂದು ವಾರದ ನಂತರ ಕೇಳಿದಳು. "ಓದಿದ್ರಾ?"

"ಓದಿದೆ."

"ಕೊನೇ ಅಧ್ಯಾಯನೂ?"

"ಅದೇ ಎಲ್ಲಕ್ಕಿಂತ ಚೆನ್ನಾಗಿದೆ." (ಮನೆಗೆ ನೀರು ಬಿಡುವ ಮುಖ್ಯ ಕವಾಟ ಮುಚ್ಚದೆ ನಲ್ಲಿ ಬಿಚ್ಚಬಾರದೆಂದು ಯಾವ ಮೂರ್ಖನಿಗೆ ಗೊತ್ತಿಲ್ಲ?)

"ಅದರಲ್ಲಿರೋದು... ನಿಮಗೆ ಒಪ್ಪಿಗೆನಾ?"

"ನೂರಕ್ಕೆ ನೂರು. ಆ ಕೆಲಸ ಎಷ್ಟೋ ಮೊದಲೇ ಮಾಡಬೇಕಿತ್ತು."

"ನಿಮಗೆ ಬೇಜಾರಾಗಲಿಲ್ವಾ?"

"ಬೇಜಾರು ಯಾಕೆ? ಯಾರಾದ್ರೂ ಧೈರ್ಯವಾಗಿ ಬರೀಲೇಬೇಕಾಗಿತ್ತು."

ಅವಳ ಕಣ್ಣು ತುಂಬಿತು. "ನೀವು ಇಷ್ಟು ದೊಡ್ಡ ಮನಸ್ಸಿನೋರು ಅಂತ ನಂಗೆ ಗೊತ್ತೇ ಇರಲಿಲ್ಲ ರೀ" ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು. ನನಗೂ ಗೊತ್ತಿರಲಿಲ್ಲ. ಆದರೂ ಕೊಟ್ಟ ಬಿರುದನ್ನು ಯಾರು ಬೇಡವೆನ್ನುತ್ತಾರೆ? ಆಮೇಲೆ ಆರು ತಿಂಗಳು ನಾನು ಮನೆಯಲ್ಲಿ ಚಕ್ರವರ್ತಿಯಂತೆ ಬಾಳಿದೆ. ನಲ್ಲಿಯ ಮಾತನ್ನೇ ಅವಳು ಎತ್ತಲಿಲ್ಲ.

ಅದೇ ಸುಮಾರಿಗೆ ನಮ್ಮ ಗ್ರಂಥಾಲಯಕ್ಕೂ ಆ ಪುಸ್ತಕದ ಪ್ರತಿ ಬಂದು ನನ್ನ ಮೇಜಿನ ಮೇಲೇ ಬಿತ್ತು. ಅದಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಗೊತ್ತಿರುವ ಪುಸ್ತಕವಲ್ಲವೇ! ಆರುನೂರ ತೊಂಬತ್ತಾರು: ನಲ್ಲಿ, ಕೊಳವೆ ಮತ್ತು ಚರಂಡಿ ದುರಸ್ತಿ. ಕಾರ್ಡನ್ನು ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಹೆಂಡತಿಯ ಪುಸ್ತಕವೆಂದು ಚೀಟಿಯನ್ನು ಸ್ವಲ್ಪ ನೆಟ್ಟಗೇ ಅಂಟಿಸಿದೆ.

ಹೋದ ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹೆಂಡತಿ ತೆರೆದಳು. ಹೆಗಲಿಗೆ ಸಲಕರಣೆಯ ಚೀಲ ನೇತುಹಾಕಿಕೊಂಡ ನಡುವಯಸ್ಸಿನ ಪ್ಲಂಬರು ನಿಂತಿದ್ದ.

"ಪುಸ್ತಕ ಬರೆದ ಅಮ್ಮ ನೀವೇನಾ? ಒಳಗೆ ವಿಳಾಸ ಇತ್ತು, ಹುಡುಕಿಕೊಂಡು ಬಂದೆ. ಮೂವತ್ತು ವರ್ಷದಿಂದ ನಲ್ಲಿ ರಿಪೇರಿ ಮಾಡ್ತಿದ್ದೀನಿ, ಒಂದು ನಲ್ಲಿಗೆ ನಾನು ಅತ್ತಿದ್ದು ಇದೇ ಮೊದಲು. ಆ ಹೆಂಗಸು ಅಷ್ಟು ವರ್ಷ ಕಾಯ್ತಾಳಲ್ಲ... ನಿಮ್ಮ ಮನೆ ನಲ್ಲಿ ಇನ್ನೂ ಸೋರ್ತಿದ್ರೆ ನಾನೇ ಸರಿಮಾಡಿಕೊಟ್ಟು ಹೋಗ್ತೀನಿ ಅಂತ ಬಂದೆ."

ಹೆಂಗಸು? ಕೈಪಿಡಿಯಲ್ಲಿ ಹೆಂಗಸು ಎಲ್ಲಿಂದ ಬಂದಳು? ನಾನು ಓದುತ್ತಿದ್ದ ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡೆ.

ಹೆಂಡತಿ ಹಿಗ್ಗಿಹೋದಳು. "ಅಯ್ಯೋ ಬನ್ನಿ ಬನ್ನಿ, ಕೂತ್ಕೊಳ್ಳಿ. ನೀವು ಕಾದಂಬರಿ ಓದ್ತೀರಾ?"

"ಎಲ್ಲಿ ಬಂತಮ್ಮ, ನಾನು ಕಾದಂಬರಿ ಕಪಾಟಿನ ಹತ್ತಿರಾನೇ ಹೋಗೋನಲ್ಲ. ಇದು ಲೈಬ್ರರಿಲಿ ನಮ್ಮ ಕಸುಬಿನ ಕಪಾಟಲ್ಲೇ ಇತ್ತು. ಕಮೋಡು ಜೋಡಿಸೋದು ಹೇಗೆ ಅನ್ನೋ ಪುಸ್ತಕಕ್ಕೂ ಚರಂಡಿ ಪುಸ್ತಕಕ್ಕೂ ಮಧ್ಯೆ."

ಪತ್ರಿಕೆಯ ಆಚೆಯಿಂದ ಅವಳ ದನಿ: "ರೀ."

"ಯಾರೋ ಓದಿ ತಪ್ಪು ಜಾಗದಲ್ಲಿ ಇಟ್ಟಿರ್ತಾರೆ ಕಣೇ. ಜನಕ್ಕೆ ಶಿಸ್ತೇ ಇಲ್ಲ."

"ಇಲ್ಲ ಸಾರ್" ಎಂದು ಆ ಸಜ್ಜನ ಚೀಲದಿಂದ ಪುಸ್ತಕವನ್ನೇ ತೆಗೆದ. "ಬೆನ್ನ ಮೇಲೆ ನಂಬರು ಅದೇ ಇದೆ. ಒಳಗಡೆ ಕಾರ್ಡಲ್ಲೂ ಬರೆದಿದ್ದಾರೆ ನೋಡಿ. ಅಕ್ಷರ ಮುತ್ತಿನ ಹಾಗಿದೆ."

ಅವಳು ಕಾರ್ಡನ್ನು ನೋಡಿದಳು. ಸಹಿ ನೋಡಿದಳು. ಒಳಗೆ ಹೋಗಿ ನನ್ನ ಕನ್ನಡಕದ ಪೀಠವನ್ನು ತಂದು ತೆರೆದಳು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷಗಳ ಅಭ್ಯಾಸವಿದೆ. ಅವಳು ಬೈಯಲಿಲ್ಲ.

"ಮೂರು ವರ್ಷ ಹೆದರಿಕೊಂಡು ಬರೆದೆ" ಎಂದಳು ಮೆಲ್ಲಗೆ. "ನೀವು ಓದಿ ನೊಂದ್ಕೊಳ್ತೀರಿ ಅಂತ. ಮೊದಲು ಹೋಗಿ ಆ ನಂಬರು ಬದಲಾಯಿಸಿಕೊಂಡು ಬನ್ನಿ."

ಭಾನುವಾರವೂ ಗ್ರಂಥಾಲಯ ತೆರೆದಿರುತ್ತದೆ. ಪ್ಲಂಬರನ ಕೈಯಿಂದ ಪುಸ್ತಕ ತೆಗೆದುಕೊಂಡು ಓಡಿದೆ. ನಂಬರು ಬದಲಿಸುವುದೆಂದರೆ ಸುಲಭವಲ್ಲ. ತಿದ್ದುಪಡಿ ಚೀಟಿ ತುಂಬಬೇಕು, ಮುಖ್ಯ ಗ್ರಂಥಪಾಲಕಿಯ ಸಹಿ ಬೇಕು. ಆಕೆ ಚೀಟಿಯನ್ನು ಕನ್ನಡಕದ ಮೇಲಿಂದ ನೋಡಿದರು.

"ಕಾರಣ ಅನ್ನೋ ಕಡೆ ಖಾಲಿ ಇದೆಯಲ್ಲ?"

"ಮೇಡಂ, ಅದು... ವಿಷಯ ಸ್ವಲ್ಪ ಹೆಚ್ಚು ಕಮ್ಮಿಯಾಗಿ..."

"ಈ ಪುಸ್ತಕ ನಾವೆಲ್ಲ ಓದಿದ್ದೀವಿ. ಹೆಂಡತಿ ಬರೆದ ಕಾದಂಬರೀನ ನೀವೇ ದುರಸ್ತಿ ವಿಭಾಗಕ್ಕೆ ಹಾಕಿದ್ದು ನೋಡಿ, ದುರಸ್ತಿ ಆಗಬೇಕಾದೋನು ನಾನೇ ಅಂತ ಒಪ್ಪಿಕೊಂಡಿದ್ದಾರೆ, ಎಷ್ಟು ದೊಡ್ಡ ಪಶ್ಚಾತ್ತಾಪ ಅಂತ ಮಾತಾಡಿಕೊಂಡಿದ್ವಿ. ನಾನಂತೂ ನಿಮ್ಮ ಬಗ್ಗೆ ಅಭಿಪ್ರಾಯಾನೇ ಬದಲಾಯಿಸಿಕೊಂಡಿದ್ದೆ."

ಬೇರೆ ದಾರಿಯಿಲ್ಲದೆ, ಆ ಖಾಲಿ ಜಾಗದಲ್ಲಿ ನನ್ನ ಮುತ್ತಿನಂಥ ಅಕ್ಷರದಲ್ಲೇ ಬರೆದೆ: 'ಪುಸ್ತಕ ಓದದೆ ವರ್ಗೀಕರಿಸಲಾಗಿದೆ.' ಆಕೆ ಓದಿ, ಅಭಿಪ್ರಾಯವನ್ನು ಮತ್ತೆ ಹಳೆಯ ಜಾಗಕ್ಕೇ ಇಟ್ಟು, ಸಹಿ ಹಾಕಿದರು. ಸಾಹಿತ್ಯದ ನಂಬರನ್ನು ಅಂಟಿಸಿದ ಮೇಲೆ ಪುಸ್ತಕವನ್ನು ನನ್ನ ಕಡೆಗೇ ತಳ್ಳಿದರು.

"ನಿಮ್ಮ ಹೆಸರಿಗೆ ಬರ್ಕೊಂಡಿದ್ದೀನಿ. ಇಪ್ಪತ್ತೆರಡು ವರ್ಷದಲ್ಲಿ ನೀವು ತಗೊಂಡು ಹೋಗ್ತಿರೋ ಮೊದಲನೇ ಪುಸ್ತಕ. ಕೊನೇ ಅಧ್ಯಾಯವಾದ್ರೂ ಓದಿಕೊಂಡು ಮನೆಗೆ ಹೋಗಿ, ನಿಮಗೇ ಒಳ್ಳೇದು."

ಮೆಟ್ಟಿಲ ಮೇಲೆ ನಿಂತೇ ಓದಿದೆ. ಕಥೆಯಲ್ಲಿರುವ ಹೆಂಗಸು ಒಂದು ಬೆಳಿಗ್ಗೆ ಮುಖ್ಯ ಕವಾಟ ಮುಚ್ಚಿ, ಏಳೇ ನಿಮಿಷದಲ್ಲಿ ತಾನೇ ವಾಷರ್ ಬದಲಾಯಿಸುತ್ತಾಳೆ. ನಂತರ ಕೈ ಒರೆಸಿಕೊಂಡು, ಗಂಡನ ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬಿ, ಅದನ್ನು ಹೊರಗಿಟ್ಟು, ಅಗುಳಿ ಹಾಕುತ್ತಾಳೆ. 'ಎಲ್ಲವನ್ನೂ ಹಿಂಬದಿಯ ಹೊದಿಕೆ ನೋಡಿಯೇ ತೀರ್ಮಾನಿಸುವ ಮನುಷ್ಯ ಅವನು. ನನ್ನನ್ನೂ ಹಾಗೇ ನೋಡಿ ಮದುವೆಯಾದ' ಎಂಬುದು ಕೊನೆಯ ವಾಕ್ಯ.

ನೂರಕ್ಕೆ ನೂರು ಒಪ್ಪಿಗೆ ಎಂದಿದ್ದೆ ನಾನು. ಎಷ್ಟೋ ಮೊದಲೇ ಮಾಡಬೇಕಿತ್ತು ಎಂದಿದ್ದೆ.

ಏದುಸಿರು ಬಿಡುತ್ತ ಮನೆ ತಲುಪಿದರೆ ಜಗುಲಿಯ ಮೇಲೆ ನನ್ನ ಸೂಟ್‌ಕೇಸು ಇತ್ತು. ಅದರ ಬೆನ್ನಿಗೆ ಚೀಟಿಯೊಂದನ್ನು ಅಂಟಿಸಲಾಗಿತ್ತು: ಆರುನೂರ ತೊಂಬತ್ತಾರು.

"ಲೇ! ಬಾಗಿಲು ತೆಗಿಯೇ! ಓದಿದೆ ಕಣೇ!"

"ಎಲ್ಲಿವರೆಗೆ?" ಒಳಗಿನಿಂದ ಅವಳ ದನಿ.

"ಕೊನೇವರೆಗೂ!"

"ಹಾಗಾದ್ರೆ ಮೂರನೇ ಅಧ್ಯಾಯದಲ್ಲಿ ಬಕೆಟ್ ತೆಗೆದು ಅವಳು ಬೇರೆ ಪಾತ್ರೆ ಇಡ್ತಾಳಲ್ಲ, ಯಾಕೆ ಹೇಳಿ."

ಇಪ್ಪತ್ತೆರಡು ವರ್ಷಗಳ ಅನುಭವವನ್ನೆಲ್ಲ ಒಟ್ಟುಗೂಡಿಸಿ, "ಬಕೆಟ್ ತೂತಾಗಿತ್ತು" ಎಂದೆ.

"ಅಯ್ಯೋ ಸಾರ್, ಅದಲ್ಲ!" ಒಳಗಿನಿಂದ ಪ್ಲಂಬರ್ ಮರುಗಿದ.

"ನೀವು ಹೇಳಿಕೊಡಬೇಡಿ" ಎಂದು ಅವಳು ಅವನನ್ನು ಗದರಿದಳು. "ಮೊದಲನೇ ಪುಟದಿಂದ ಓದಿ. ಆಮೇಲೆ ಬಾಗಿಲು."

ಸೂಟ್‌ಕೇಸಿನ ಮೇಲೆ ಕೂತು ಮೊದಲನೇ ಪುಟ ತೆರೆದೆ. ಹೇಳಲು ನಾಚಿಕೆಯಾಗುತ್ತದೆ, ಪುಸ್ತಕ ಚೆನ್ನಾಗಿದೆ. ಎರಡು ಸಲ ನಕ್ಕೆ. ಒಂದು ಸಲ ಯಾರೂ ನೋಡುತ್ತಿಲ್ಲ ತಾನೇ ಎಂದು ಬೀದಿಯತ್ತ ನೋಡಿ ಕಣ್ಣೊರೆಸಿಕೊಂಡೆ. ಮೂರನೇ ಅಧ್ಯಾಯ ಬಂತು. ಆ ಹೆಂಗಸು ಬಕೆಟ್ಟನ್ನು ತೆಗೆದು, ಅದರ ಜಾಗದಲ್ಲಿ ಗಂಡನಿಗೆ ಕಚೇರಿಯಲ್ಲಿ ಬಹುಮಾನ ಬಂದ ಕಪ್ಪನ್ನು ಇಡುತ್ತಾಳೆ. ಗಂಡ ಗಮನಿಸಿದ ದಿನ ಅವನನ್ನು ಕ್ಷಮಿಸಿಬಿಡುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಳ್ಳುತ್ತಾಳೆ. ಅವನು ಗಮನಿಸುವುದೇ ಇಲ್ಲ.

ಪುಸ್ತಕ ಕೆಳಗಿಟ್ಟು ಮನೆಯ ಪಕ್ಕಕ್ಕೆ ಹೋಗಿ, ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದೆ. ನಲ್ಲಿಯ ಕೆಳಗೆ ನನ್ನ ಕಪ್ಪು ತುಂಬಿ ತುಳುಕುತ್ತಿತ್ತು. 'ಉತ್ತಮ' ಎಂಬುದು ತುಕ್ಕಿನಲ್ಲಿ ಮುಚ್ಚಿಹೋಗಿ 'ವರ್ಗೀಕಾರ' ಮಾತ್ರ ಉಳಿದಿತ್ತು.

"ಎಷ್ಟನೇ ಪುಟ?" ಕಿಟಕಿಯ ಆಚೆಯಿಂದ ಹೆಂಡತಿ ಕೇಳಿದಳು.

"ಮೂವತ್ತೆಂಟು."

"ಇನ್ನೂ ಇನ್ನೂರು ಇದೆ. ಓದಿ."

ಪ್ಲಂಬರ್ ಕಿಟಕಿಯ ಸರಳಿನ ನಡುವೆ ಕೈ ಹಾಕಿ, ಪಾಪ, ಹೊಸ ವಾಷರೊಂದನ್ನು ನನ್ನ ಅಂಗೈಯಲ್ಲಿಟ್ಟ.

"ಓದಿ ಮುಗಿಸಿದ ಮೇಲೆ ನೀವೇ ಹಾಕಬೇಕಂತೆ ಸಾರ್."