ಬಾಯಿಗೆ ಬಾರದ ಮಿರ್ಚಿ

ಎದೆನೋವು ಬಂದು ಹೋದ ಮೇಲೆ ಮಗಳು ನೇತ್ರಾ ತಂದು ಕಟ್ಟಿದ, ಎದೆಬಡಿತ ಎಣಿಸುವ ಗಡಿಯಾರ, ಮಡಿವಾಳೆಪ್ಪನ ಮುಂಗೈ ಮೇಲೆ ಸೋದರತ್ತೆಯ ಹಾಗೆ ಕೂತಿತ್ತು. ಕೂತರೆ ಏಳು ಅನ್ನುತ್ತಿತ್ತು. ಎದ್ದರೆ ಎಲ್ಲಿಗೆ ಹೊರಟನೆಂದು ಮಗಳಿಗೂ ಹೆಂಡತಿ ಮಲ್ಲಕ್ಕನಿಗೂ ಫೋನಿನಲ್ಲಿ ಚಾಡಿ ಹೇಳುತ್ತಿತ್ತು. ನವಲಗುಂದದ ಆ ಓಣಿಯವರೂ ಪ್ರೀತಿಯಿಂದ ತಮ್ಮ ಫೋನು ಜೋಡಿಸಿಕೊಂಡಿದ್ದರು. ಬಚ್ಚಲಲ್ಲಿ ತುಸು ತಡವಾದರೆ "ಆರಾಮ ಅದೀರಿಲ್ಲೋ?" ಎಂದು ಹೊರಗೆ ಗುಂಪು ಕೂಡುತ್ತಿತ್ತು. ಬಿಚ್ಚಿಟ್ಟರಂತೂ ಎಲ್ಲರ ಫೋನೂ ಒಟ್ಟಿಗೇ ಹೊಯ್ಕೊಳ್ಳುತ್ತಿದ್ದವು. ಮಿರ್ಚಿ ಬಜ್ಜಿ ಗಾಡಿಯ ಮಹಬೂಬಸಾಬನೊಬ್ಬನೇ ಇದರ ಗೊಡವೆಗೆ ಹೋಗಿರಲಿಲ್ಲ.

ಮಡಿವಾಳೆಪ್ಪನಿಗೆ ಬೇಕಾಗಿದ್ದು ಸ್ವರ್ಗವಲ್ಲ. ಯಾರಿಗೂ ಜವಾಬು ಕೊಡದೆ, ಆ ಗಾಡಿಯ ಮುಂದೆ ನಿಂತು, ಒಂದು ಬಿಸಿ ಮಿರ್ಚಿ.

ಮಹಬೂಬಸಾಬನ ಹೆಂಡತಿ ಶಮೀಮಾಬಿ ಅದೇ ಓಣಿಯಲ್ಲಿ ಜಮಖಾನ ನೇಯುತ್ತಿದ್ದಳು. ನೂಲು ಬಡಿದು ಕೂರಿಸುವ ಅವಳ ಕೈ ದಿನವೆಲ್ಲ ಆಡುತ್ತಿತ್ತು. ಒಂದು ಸಂಜೆ ಮಡಿವಾಳೆಪ್ಪ ಅವಳ ಮಗ್ಗದ ಮುಂದೆ ಹೋಗಿ ಗಡಿಯಾರ ಬಿಚ್ಚಿದ.

"ತಂಗಿ, ಇದನ್ನೊಂದು ತಾಸು ಕೈಯಾಗ ಹಾಕ್ಕೊಳವಾ. ನಿನ್ನ ಕೈ ಆಡಿದ್ರ ಅದಕ್ಕ ನಾ ಅಡ್ಡಾಡಿದಂಗ."

"ಆತ್ರಿ ಅಣ್ಣಾರ. ಸಿಕ್ಕರ ಮಾತ್ರ ನನ್ನ ಹೆಸರು ಹೇಳಬ್ಯಾಡ್ರಿ," ಎಂದು ಅವಳು ನಕ್ಕು ಕಟ್ಟಿಕೊಂಡಳು.

ಬಾಣಲೆಯಿಂದ ಎತ್ತಿದ ಮಿರ್ಚಿಯನ್ನು ಮಡಿವಾಳೆಪ್ಪ ಊದುತ್ತಿದ್ದಾಗಲೇ ಮಹಬೂಬಸಾಬನ ಫೋನು ಬಡಿದುಕೊಂಡಿತು. ಆ ಕಡೆ ನೇತ್ರಾ ಅಳುತ್ತಿದ್ದಳು.

"ಕಾಕಾ, ಅಪ್ಪನ ಎದಿ ಬಡತ ಅಗದಿ ಕೆಟ್ಟೇತಂತ! ನಿಮ್ಮನ್ಯಾಗ ಅದಾನಂತ ತೋರಸಾಕತ್ತೇತಿ, ಲಗೂನ ಹೋಗ್ರಿ!"

"ನಿಮ್ಮಪ್ಪ ನನ್ನ ಮುಂದ ನಿಂತು ಮಿರ್ಚಿ ಊದಾಕತ್ತಾರಲ್ಲ ತಂಗಿ!"

ಸುಮ್ಮನಿದ್ದರೆ ಗಡಿಯಾರ ಕೆಟ್ಟಿದೆ ಎಂದು ಎಲ್ಲರೂ ನಗುತ್ತಿದ್ದರು, ಮಿರ್ಚಿಯೂ ದಕ್ಕುತ್ತಿತ್ತು. ಮಡಿವಾಳೆಪ್ಪ ಅದನ್ನು ಕಚ್ಚದೆ ಕೆಳಗಿಟ್ಟ.

"ಮಹಬೂಬಾ, ಗಡಿಯಾರ ಶಮೀಮಾನ ಕೈಯಾಗೈತೋ, ಓಡು!"

ಮಗ್ಗಕ್ಕೆ ಒರಗಿ ಬಿದ್ದಿದ್ದ ಶಮೀಮಾಬಿಯನ್ನು ದವಾಖಾನೆಗೆ ಮುಟ್ಟಿಸಿದರು. ಹೊತ್ತಿಗೆ ಸರಿಯಾಗಿ ತಂದಿರಿ ಎಂದರು ಡಾಕ್ಟರರು. ಮಡಿವಾಳೆಪ್ಪ ಮೊದಲ ಸಲ ಆ ಗಡಿಯಾರಕ್ಕೆ ಮನಸಾರೆ ಕೈ ಮುಗಿದ. ಬೈಯಬೇಕಾದ ಮಲ್ಲಕ್ಕ ಕೂಡ ಕಣ್ಣೊರೆಸಿಕೊಂಡಳು.

ಶಮೀಮಾಬಿ ಮನೆಗೆ ಬಂದ ಮರುದಿನ ಮಡಿವಾಳೆಪ್ಪ ರಾಜಾರೋಷವಾಗಿ ಗಾಡಿಗೆ ಹೋದ. ಉಪಕಾರ ಕಂಡವನು ಒಂದು ಮಿರ್ಚಿಗೆ ಇಲ್ಲ ಅಂದಾನೆಯೇ? ಮಹಬೂಬಸಾಬ ಓಡಿ ಬಂದು ತಬ್ಬಿಕೊಂಡು ಅತ್ತ. ಸ್ಟೂಲಿನ ಮೇಲೆ ಜಮಖಾನ ಮಡಚಿ ಹಾಸಿ ಕೂರಿಸಿದ. ಅಷ್ಟರಲ್ಲಿ ಅವನ ಜೇಬಿನ ಫೋನು ಹೊಯ್ಕೊಂಡಿತು.

"ಅದೇನೋ ಅದು?"

"ನಿಮ್ಮ ಗಡಿಯಾರದ್ರಿ, ನೀವು ಗಾಡಿ ಹತ್ರ ಬಂದೀರಂತ ಹೇಳಾಕತ್ತೇತಿ. ನಾನೂ ಜೋಡಿಸ್ಕೊಂಡೇನಿ. ನಮ್ಮ ಮನಿ ದೀಪ ಉಳಿಸೀರಿ, ಇನ್ನ ನಿಮ್ಮ ಜೀವ ಕಾಯೂದು ನನ್ನ ಹೊಣಿ. ಊರಾಗಿನ ಎಲ್ಲಾ ಮಿರ್ಚಿ ಗಾಡಿಯವ್ರಿಗೂ ನಿಮ್ಮ ಫೋಟೋ ಕಳಿಸೇನಿ, ಯಾರೂ ಕೊಡಂಗಿಲ್ಲ. ಶಮೀಮಾಗೂ ಒಂದು ಗಡಿಯಾರ ತಂದೇನ್ರಿ, ನಿಮ್ಮದು ಇನ್ನ ನಿಮ್ಮ ಕೈಯಾಗ ಇರಲಿ."

ಹಾಗೆಂದು ಕಣ್ಣೊರೆಸಿಕೊಳ್ಳುತ್ತಲೇ ಸೌತೆಕಾಯಿ ಹೆಚ್ಚಿ ತಟ್ಟೆಯಲ್ಲಿ ಮುಂದಿಟ್ಟ.

"ತಿನ್ರಿ ಅಣ್ಣಾರ. ಉಪ್ಪು ಹಾಕಿಲ್ಲ."