ನೆನೆಯಬಾರದ ತಲೆ

ಬೀದರ್ ಜಿಲ್ಲೆಯಲ್ಲಿ ಮಳೆ ಬಂದರೆ ಜನ ಒಳಗೆ ಓಡುತ್ತಾರೆ; ನನ್ನ ಸೋದರತ್ತೆಯೊಬ್ಬರು ಮಾತ್ರ ಹೊರಗೆ ಓಡುತ್ತಾರೆ. ನೆನೆಯಲಿಕ್ಕಲ್ಲ, ತಮ್ಮ ತಲೆ ನೆನೆಯದಿರುವುದನ್ನು ಊರಿಗೆ ತೋರಿಸಲಿಕ್ಕೆ.

ಅವರ ಬಳಿ ಏಳು ರೇಷ್ಮೆ ಸ್ಕಾರ್ಫುಗಳಿವೆ. ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಮ್ಮ ಅಜ್ಜಿಗೆ, ವಿದೇಶಕ್ಕೆ ಮರಳಿದ ಡಾಕ್ಟರಮ್ಮನೊಬ್ಬರು ಬಿಟ್ಟುಹೋದ ಟ್ರಂಕಿನಲ್ಲಿ ಸಿಕ್ಕವು. ತುಂತುರಿಗೆ ಗುಲಾಬಿ ಹೂಗಳ ಚಿತ್ರದ್ದು, ಜಡಿಮಳೆಗೆ ಕುದುರೆಗಳ ಚಿತ್ರದ್ದು. ಕುದುರೆ ಕಟ್ಟಿಕೊಂಡ ದಿನ ಬರೀ ತುಂತುರು ಬಿದ್ದರೆ ಅತ್ತೆ ಮೋಸಹೋದವರಂತೆ ಆಕಾಶವನ್ನು ದಿಟ್ಟಿಸುತ್ತಾರೆ.

ಛತ್ರಿ ಯಾಕೆ ಬೇಡವೆಂದರೆ ಉತ್ತರ ಸಿದ್ಧ: "ಛತ್ರಿ ಬಸ್ಸಿನ್ಯಾಗ ಮರ್ತು ಬರ್ತೇವಿ. ತಲಿ ಯಾರರ ಮರ್ತು ಬರ್ತಾರೇನು?" ಹಾಗೆ ಬಂದವರನ್ನು ನಾನು ಅನೇಕ ಸಭೆಗಳಲ್ಲಿ ಕಂಡಿದ್ದೇನೆ, ವಿಷಯಾಂತರ ಬೇಡ.

ಸುಮ್ಮನಿರುವವಳು ನಾನಲ್ಲ. ವಸಾಹತುಶಾಹಿಯ ಗಂಟನ್ನು ಗದ್ದದ ಕೆಳಗೆ ಕಟ್ಟಿಕೊಳ್ಳುವುದು ತಪ್ಪು, ಹೆಣ್ಣಿನ ಮಾನವನ್ನು ಅವಳ ಕೂದಲಲ್ಲಿ ಹುಡುಕುವುದು ಇನ್ನೂ ದೊಡ್ಡ ತಪ್ಪು ಎಂದು ವಿವರಿಸಿದೆ. "ಮುಗೀತೇನವ್ವ? ಹಿಂದ ಸರಿ, ಕನ್ನಡಿ ಕಾಣವಲ್ದು," ಎಂದರು.

ಒಮ್ಮೆ ಭಾಲ್ಕಿಯ ಬಸ್ಸಿನಲ್ಲಿ ಹೆಂಗಸರ ಉಚಿತ ಟಿಕೆಟ್ಟಿಗಾಗಿ ಅತ್ತೆ ಆಧಾರ್ ತೋರಿಸಿದರು. ಕಂಡಕ್ಟರು ಫೋಟೊ ನೋಡಿ, ಮುಖ ನೋಡಿ, "ಜರಾ ಸ್ಕಾರ್ಫ್ ಬಿಚ್ರಿ ಅಮ್ಮಾ," ಎಂದ. ಕಿಟಕಿಯಿಂದ ಎರಚಲು ಹೊಡೆಯುತ್ತಿತ್ತು. ಅತ್ತೆ ಗಂಟು ಬಿಚ್ಚದೆ ಪೂರ್ತಿ ಚಾರ್ಜು ಕೊಟ್ಟರು. ಹೆಣ್ಣುಮಕ್ಕಳ ಹಕ್ಕನ್ನು ಕುದುರೆಗಳಿಗೆ ಅರ್ಪಿಸಿದ ಮಹಿಳೆ ನಾಡಿನಲ್ಲಿ ಇನ್ನೊಬ್ಬರಿದ್ದಾರೆಯೇ?

ನಮ್ಮ ನಿಜವಾದ ಜಗಳ ನಡೆದದ್ದು ಒಂದು ಸೂರಿನ ವಿಷಯಕ್ಕೆ. ಔರಾದ್ ತಾಲೂಕಿನ ನಮ್ಮ ಡಾಬಕಾ ಕ್ರಾಸಿನಲ್ಲಿ ಬಸ್ಸಿಗೆ ಕಾಯುವ ಶಾಲೆಯ ಹುಡುಗಿಯರೂ ಕೂಸು ಹೊತ್ತ ತಾಯಂದಿರೂ ಮಳೆಯಲ್ಲೇ ನಿಲ್ಲಬೇಕು. ತಂಗುದಾಣ ಕೇಳಿ ನಾನು ತಿಂಗಳುಗಟ್ಟಲೆ ಮನೆಮನೆ ತಿರುಗಿ ಸಹಿ ಸಂಗ್ರಹಿಸಿದೆ. ಅತ್ತೆ ಮಾತ್ರ ಪೆನ್ನು ಮುಟ್ಟಲಿಲ್ಲ. "ಸೂರು ಕಟ್ಟಿದ್ರ ನಾ ಈ ಸ್ಕಾರ್ಫ್ ಎಲ್ಲಿ ಕಟ್ಕೊಳ್ಳಲಿ?" ಸಾರ್ವಜನಿಕ ಸಮಸ್ಯೆಗೆ ಖಾಸಗಿ ಪರಿಹಾರ ಹುಡುಕುವುದೇ ಎಲ್ಲ ಅನ್ಯಾಯದ ಮೂಲ ಎಂದೆ.

ಔರಾದಿನ ತಹಶೀಲ್ದಾರರಿಗೆ ಮನವಿ ಸಲ್ಲಿಸುವ ದಿನ ಅತ್ತೆ ಮೋಡ ಕಂಡು, ಕುದುರೆ ಕಟ್ಟಿಕೊಂಡು, ಕರೆಯದೆಯೇ ಜೊತೆಗೆ ಹೊರಟರು. ಅದೇ ಕ್ರಾಸಿನಲ್ಲಿ ಔರಾದಿನ ಬಸ್ಸಿಗೆ ಕಾಯುವಾಗ ಮಳೆ ಹೊಯ್ಯಿತು. ಪ್ಲಾಸ್ಟಿಕ್ ತಪ್ಪೆಂದು ನಂಬಿದ ನನ್ನದು ಬಟ್ಟೆಯ ಚೀಲ. ಮೇಲಿನ ಹಾಳೆಯ ಸಹಿಗಳು ನೀಲಿ ನೀರಾಗಿ ಹರಿಯತೊಡಗಿದವು.

"ತಾ ಇಲ್ಲಿ."

ಅತ್ತೆ ಗಂಟು ಬಿಚ್ಚಿದರು. ಹಾಳೆಗಳನ್ನೆಲ್ಲ ಕುದುರೆಗಳಲ್ಲಿ ಸುತ್ತಿ, ಸೆರಗಿನೊಳಗೆ ಎದೆಗವಚಿ ಬಾಗಿ ನಿಂತರು.

ಅವರ ಕೂದಲು ನೆನೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬೆಳ್ಳಗೆ, ತೆಳ್ಳಗೆ ನೆತ್ತಿಗಂಟಿ, ತಲೆ ಆಗತಾನೆ ಹುಟ್ಟಿದ ಕೂಸಿನದರಂತಿತ್ತು. ಹೇಳಲು ನನಗೆ ಯಾವ ತಪ್ಪೂ ನೆನಪಾಗಲಿಲ್ಲ. ಎರಡೂ ಅಂಗೈ ಜೋಡಿಸಿ ಅವರ ನೆತ್ತಿಯ ಮೇಲೆ ಹಿಡಿದೆ.

"ಕೈ ಅಲ್ಲಾಡಿಸಬ್ಯಾಡ," ಎಂದರು ಅತ್ತೆ. "ಸೋರ್ತದ."