ಗುಟ್ಟಪ್ಪನ ಲಿಖಿತ ಸೂಚನೆ

ಗುಟ್ಟಪ್ಪನಿಗೆ ಗ್ರಹಚಾರ ವಕ್ಕರಿಸಿದ್ದು ಒಂದು ಹಳದಿ ಫಾರಮ್ಮಿನ ರೂಪದಲ್ಲಿ. ರೇಸಿನಲ್ಲಿ ಎಲ್ಲವೂ ಪಾರದರ್ಶಕವಾಗಿರಬೇಕು, ಜನಕ್ಕೆ ಆಟದ ಮೇಲೆ ನಂಬಿಕೆ ಬರಬೇಕು ಎಂದು ಕ್ಲಬ್ಬಿನವರು ಹೊಸ ನಿಯಮ ಮಾಡಿದ್ದರು. ಕುದುರೆಯನ್ನು ಹೇಗೆ ಓಡಿಸಬೇಕೆಂದು ಟ್ರೈನರ್ ಆದವನು ಜಾಕಿಗೆ ಹೇಳುವ ಮಾತನ್ನು ಇನ್ನು ಮುಂದೆ ಓಟದ ದಿನ ಬೆಳಿಗ್ಗೆ ಹತ್ತರೊಳಗೆ ಬರೆದುಕೊಡಬೇಕು. ಅದನ್ನು ಎಲ್ಲರೂ ಓದುವಂತೆ ಬೋರ್ಡಿಗೆ ಅಂಟಿಸುತ್ತಾರೆ. ಜಾಕಿ ಅದರಂತೆಯೇ ಓಡಿಸಬೇಕು. ಹೆಚ್ಚುಕಮ್ಮಿಯಾದರೆ ವಿಚಾರಣೆ, ಮೋಸ ಎಂದು ಗೊತ್ತಾದರೆ ಲೈಸೆನ್ಸು ರದ್ದು.

ಉಳಿದ ಟ್ರೈನರುಗಳಿಗೆ ಇದು ಬರೀ ತಲೆನೋವು. ಗುಟ್ಟಪ್ಪನಿಗೆ ಮಾತ್ರ ಪ್ರಾಣಸಂಕಟ. ಯಾಕೆಂದರೆ ಹನ್ನೆರಡು ವರ್ಷಗಳಲ್ಲಿ ಆತ ತನ್ನ ಜಾಕಿಗೆ ಒಂದೇ ಒಂದು ಸೂಚನೆಯನ್ನೂ ಕೊಟ್ಟವನಲ್ಲ.

ಇದು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಓಟಕ್ಕೆ ಮುಂಚೆ ಜಾಕಿಯ ಕಿವಿಗೆ ಅಂಗೈ ಮರೆಮಾಡಿ, ಹುಬ್ಬು ಗಂಟಿಕ್ಕಿ, ಆತ ಅರ್ಧ ನಿಮಿಷ ಏನೋ ಪಿಸುಗುಟ್ಟುವುದನ್ನು ಇಡೀ ಮೈದಾನ ನೋಡುತ್ತಿತ್ತು. ಜಾಕಿ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಏನೋ ಭಾರೀ ತಂತ್ರವೇ ಇರಬೇಕೆಂದು ಜನ ಅವನಿಗೆ ಗುಟ್ಟಪ್ಪ ಎಂದು ಹೆಸರಿಟ್ಟರು. ಅಸಲು ಸಂಗತಿ ಏನೆಂದರೆ, ಜಾಕಿ ಅವನ ಹೆಂಡತಿಯ ಸ್ವಂತ ತಮ್ಮ. ಮೂವರೂ ಇರುವುದು ಒಂದೇ ಮನೆಯಲ್ಲಿ. ಕಳೆದ ವಾರ ಗುಟ್ಟಪ್ಪ ಅವನ ಕಿವಿಯಲ್ಲಿ ಹೇಳಿದ ಮಹಾಮಂತ್ರ ಇಷ್ಟೇ: "ಬಚ್ಚಲಮನೆ ನಲ್ಲಿ ಸೋರ್ತಿದೆ. ಬರ್ತಾ ಒಂದು ವಾಷರ್ ತಗೊಂಡು ಬಾ."

ಸವಾರಿಯ ವಿಷಯದಲ್ಲಿ ಬಾಮೈದನಿಗೆ ಹೇಳಿಕೊಡುವುದು ಏನೂ ಇರಲಿಲ್ಲ. ಗುಟ್ಟಪ್ಪನ ವಿದ್ಯೆಯೇ ಬೇರೆ. ದಿನಾ ನಸುಕಿನಲ್ಲಿ ಲಾಯಕ್ಕೆ ಹೋಗಿ ಕುದುರೆಯ ಮುಂಗಾಲಿನ ಮೇಲೆ ಅಂಗೈ ಆಡಿಸುತ್ತಿದ್ದ. ಅಲ್ಲಿನ ಬಿಸಿ ನೋಡಿಯೇ ಇವತ್ತು ಎಷ್ಟು ಓಡಿಸಬೇಕು, ಎಷ್ಟು ಹುರುಳಿ ಹಾಕಬೇಕು, ಅಥವಾ ಸುಮ್ಮನೆ ಬಿಡಬೇಕೋ ಎಂದು ತಿಳಿಯುತ್ತಿತ್ತು. ಈಗ ಅವನ ಲಾಯದಲ್ಲಿ ಉಳಿದಿದ್ದುದು ಒಂದೇ ಕುದುರೆ. ವಯಸ್ಸಾದ, ಯಾವುದಕ್ಕೂ ಗಡಿಬಿಡಿ ಮಾಡದ ಹೆಣ್ಣುಕುದುರೆ. ಲಾಯದವರೆಲ್ಲ ಅದನ್ನು ದೊಡ್ಡಮ್ಮ ಎನ್ನುತ್ತಿದ್ದರು. ಮಕ್ಕಳಿಲ್ಲದ ಗುಟ್ಟಪ್ಪನಿಗೆ ಅದೆಂದರೆ ಜೀವ.

ದೊಡ್ಡಮ್ಮನ ಒಡತಿ ಮೂವತ್ತು ವರ್ಷ ಶಾಲೆಯೊಂದನ್ನು ಗಡಗಡ ನಡುಗಿಸಿ ನಿವೃತ್ತರಾದ ಹೆಡ್‌ಮೇಡಂ. ಹೊಸ ನಿಯಮದ ಮೊದಲ ಓಟದ ದಿನ ಬೆಳಿಗ್ಗೆ ಎಂಟಕ್ಕೇ ಛತ್ರಿ ಊರಿಕೊಂಡು ಲಾಯಕ್ಕೆ ಬಂದರು.

"ನೋಡ್ರಿ, ಹೋದ ಏಳು ಓಟದಲ್ಲಿ ಒಂದ್ಸಲಾನೂ ಮೊದಲ ಮೂರರಲ್ಲಿ ಬಂದಿಲ್ಲ. ಇವತ್ತೂ ಬರಲಿಲ್ಲ ಅಂದ್ರೆ ದೊಡ್ಡಮ್ಮನ್ನ ಬೇರೆ ಟ್ರೈನರ್ ಹತ್ರ ಬಿಡ್ತೀನಿ. ಮುಂಚೇನೇ ಹೇಳಿದೀನಿ, ಆಮೇಲೆ ಅಳಬಾರದು."

"ಇಲ್ಲ ಮೇಡಂ," ಎಂದ ಗುಟ್ಟಪ್ಪ, ಹೋಂವರ್ಕ್ ಮಾಡದವನ ಹಾಗೆ.

ಅವರು ಅತ್ತ ಹೋಗುತ್ತಲೇ ಆತ ಹಳದಿ ಫಾರಂ ತೆಗೆದು 'ಎಂದಿನಂತೆ' ಎಂದು ಬರೆದು ಕ್ಲಬ್ಬಿನ ಗುಮಾಸ್ತನಿಗೆ ಕೊಟ್ಟ. ಗುಮಾಸ್ತ ಕನ್ನಡಕ ಏರಿಸಿ ನೋಡಿದ.

"ಎಂದಿನಂತೆ ಅಂದ್ರೆ ಹೇಗೆ ಅಂತ ಬರೀಬೇಕು ಸ್ವಾಮಿ. ಶುರುವಿನಲ್ಲಿ ಏನು, ಮಧ್ಯದಲ್ಲಿ ಏನು, ಕೊನೇಲಿ ಏನು. ಒಂದು ಕಾಲಮ್ಮೂ ಖಾಲಿ ಇರೋ ಹಾಗಿಲ್ಲ."

ಗುಟ್ಟಪ್ಪ ಓಡೋಡಿ ಬಾಮೈದನನ್ನು ಹಿಡಿದ. "ಏನೋ, ನೀನು ಕುದುರೆ ಹೇಗೆ ಓಡಿಸ್ತೀಯ?"

"ನಂಗೇನ್ ಗೊತ್ತು ಭಾವ? ಮೇಲೆ ಕೂತ್ರೆ ಕೈಗೆ ತಿಳಿಯುತ್ತೆ."

"ಅದನ್ನ ಕಾಲಮ್ಮಲ್ಲಿ ಬರೆಯೋದು ಹೇಗೋ?"

"ಬರಿಯೋದು ನಿಮ್ಮ ಕೆಲಸ," ಎಂದು ಬಾಮೈದ ಬೂಟು ಉಜ್ಜಲು ಕೂತ.

ಕುದುರೆಗೆ ಲಾಳ ಕಟ್ಟುತ್ತಿದ್ದ ಮುದುಕ, ಯಾರೂ ಕೇಳದೆ ಇದ್ದರೂ, ಬಾಯಲ್ಲಿದ್ದ ಮೊಳೆ ತೆಗೆದು ಹೇಳಿದ. "ಯಜಮಾನ್ರೇ, ಟ್ರ್ಯಾಕಿನ ಒಳಗಡೆ ಬೇಲಿ ಪಕ್ಕ ನೆಲ ಎಲ್ಲ ಕಿತ್ತುಹೋಗಿದೆ. ನಾನು ಇಷ್ಟು ಚೆನ್ನಾಗಿ ಕಟ್ಟಿದ ಲಾಳ ಹಾಳಾಗುತ್ತೆ. ಹೊರಗಡೆಯಿಂದ ಓಡಿಸೋಕೆ ಹೇಳಿ." ಗುಟ್ಟಪ್ಪ ಮಧ್ಯದ ಕಾಲಮ್ಮಿನಲ್ಲಿ ಬರೆದ: 'ಹೊರಬದಿಯಲ್ಲಿಯೇ ಸಾಗತಕ್ಕದ್ದು.' ಓದಿಕೊಂಡರೆ ತನಗೇ ಭಲೇ ಎನಿಸಿತು.

ಶುರುವಿನದಕ್ಕೆ ಏನೂ ಹೊಳೆಯದೆ ಹೆಂಡತಿಗೆ ಫೋನ್ ಮಾಡಿದ. ಆಕೆಗೆ ಕುದುರೆಗಿಂತ ತಮ್ಮನ ಚಿಂತೆ.

"ಎಲ್ಲರೂ ಮುಂದೆ ಹೋಗ್ಲಿ ರೀ, ನನ್ನ ತಮ್ಮ ಹಿಂದಿಂದ ನಿಧಾನಕ್ಕೆ ಬರ್ಲಿ. ಹೋದ ವರ್ಷ ಗುಂಪಲ್ಲಿ ನುಗ್ಗಿ ಕೈ ಮುರ್ಕೊಂಡಿದ್ದು ಮರ್ತುಬಿಟ್ರಾ? ಬೆಳಿಗ್ಗೆ ಬೇರೆ ಏನೂ ತಿಂದಿಲ್ಲ. ಒಂದು ಬಾಳೆಹಣ್ಣಾದ್ರೂ ತಿನ್ನೋಕೆ ಹೇಳಿ."

'ಎಲ್ಲರಿಗಿಂತ ಹಿಂದೆ ಇರತಕ್ಕದ್ದು' ಎಂದು ಮೊದಲ ಕಾಲಮ್ಮು ತುಂಬಿತು. 'ಇತರೆ' ಎಂಬ ಜಾಗ ಖಾಲಿ ಇತ್ತಲ್ಲ, ಅಲ್ಲಿ 'ಓಟಕ್ಕೆ ಮುನ್ನ ಜಾಕಿಯು ಒಂದು ಬಾಳೆಹಣ್ಣು ಸೇವಿಸತಕ್ಕದ್ದು' ಎಂದು ಬರೆದ. ಕೊನೆಯ ಕಾಲಮ್ಮಿಗೆ ಗುಮಾಸ್ತನೇ ದಿಕ್ಕಾದ. "ಎಲ್ಲಾದ್ರೂ ಒಂದ್ಕಡೆ ಜೋರಾಗಿ ಓಡಿಸ್ಲೇಬೇಕಲ್ಲ ಸ್ವಾಮಿ. ಕೊನೇ ಇನ್ನೂರು ಮೀಟರ್ ಅಂತ ಹಾಕಿ," ಎಂದ. ಗುಟ್ಟಪ್ಪ ಹಾಕಿದ. ಒಂಬತ್ತೂಮುಕ್ಕಾಲಿಗೆ ಫಾರಂ ಬೋರ್ಡಿಗೇರಿತು.

ಅಷ್ಟು ಹೊತ್ತೂ ಬೋರ್ಡಿನ ಮುಂದೆ ಅದೇ ಓಟದ ಉಳಿದ ಐವರು ಟ್ರೈನರುಗಳು ಸಂಬಂಧವೇ ಇಲ್ಲದವರಂತೆ ಆಕಾಶ ನೋಡುತ್ತ ನಿಂತಿದ್ದರು. ಐವರ ಕೈಯಲ್ಲೂ ಖಾಲಿ ಫಾರಂ. ಹನ್ನೆರಡು ವರ್ಷದ ಗುಟ್ಟು ಕಣ್ಣೆದುರಿಗೆ ಬಂದು ಅಂಟಿಕೊಂಡರೆ ಯಾರು ತಾನೇ ಬಿಡುತ್ತಾರೆ? ಹತ್ತು ಗಂಟೆಯೊಳಗೆ ಐವರೂ ಅಕ್ಷರ ಬಿಡದೆ ಇಳಿಸಿಕೊಂಡು ಫಾರಂ ಕೊಟ್ಟು ಬಂದರು. ಮಧ್ಯಾಹ್ನ ಜಾಕಿಗಳ ಕೋಣೆಯಲ್ಲಿ ಆರು ಜನ ಸಾಲಾಗಿ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ತೂಕ ನೋಡುವವನಿಗೆ ತಲೆಬುಡ ಅರ್ಥವಾಗಲಿಲ್ಲ.

ಮೂರು ಗಂಟೆಗೆ ಓಟ. ಗುಟ್ಟಪ್ಪ ಅಭ್ಯಾಸಬಲದಿಂದ ಬಾಮೈದನ ಕಿವಿಗೆ ಬಾಗಿ, "ಸಂಜೆ ಬರ್ತಾ ನಿಮ್ಮಕ್ಕನ ಚಪ್ಪಲಿ ಹೊಲಿಸ್ಕೊಂಡು ಬಾ," ಎಂದ. ಬಾಮೈದ ತಲೆಯಾಡಿಸಿದ. ಗೇಟು ತೆರೆಯಿತು.

ಆರು ಕುದುರೆಗಳು ಹೊರಬಂದವು. ಯಾವುದೂ ಮುಂದೆ ಹೋಗಲಿಲ್ಲ. ಎಲ್ಲರಿಗಿಂತ ಹಿಂದೆ ಇರಬೇಕೆಂದು ಆರು ಜನಕ್ಕೂ ಲಿಖಿತ ಆಜ್ಞೆಯಾಗಿತ್ತು. ಒಬ್ಬ ಲಗಾಮು ಎಳೆದರೆ ಇನ್ನೊಬ್ಬ ಅದಕ್ಕಿಂತ ಬಿಗಿಯಾಗಿ ಎಳೆದ. "ನೀನು ಹೋಗಯ್ಯ ಮುಂದೆ," "ಇಲ್ಲ ಇಲ್ಲ, ನೀವು ದೊಡ್ಡವರು, ನೀವು ನಡೀರಿ," ಎಂದು ಉಪಚಾರ ನಡೆಯಿತು. ಆರೂ ಹೊರಬದಿಗೇ ಒತ್ತಿಕೊಂಡು, ಮೆರವಣಿಗೆಯ ಹಾಗೆ ಹೊರಟವು. ಜನ ಮೊದಲು ಸುಮ್ಮನಿದ್ದರು, ಆಮೇಲೆ ನಕ್ಕರು, ಆಮೇಲೆ ಬೈಯತೊಡಗಿದರು.

ಆದರೆ ಬಿಸಿರಕ್ತದ ಐದು ಕುದುರೆಗಳಿಗೆ ಈ ನಿಧಾನ ಸಹಿಸಲಾಗಲಿಲ್ಲ. ಅವು ತಲೆ ಕೊಡವಿ, ಲಗಾಮು ಕಚ್ಚಿ, ಜಾಕಿಗಳ ಜೊತೆ ಜಗ್ಗಾಡಿ ಜಗ್ಗಾಡಿ ನೊರೆ ಕಾರಿದವು. ದೊಡ್ಡಮ್ಮನಿಗೆ ಮಾತ್ರ ಇಂಥ ಸುಖದ ಓಟ ಜನ್ಮದಲ್ಲೇ ಸಿಕ್ಕಿರಲಿಲ್ಲ. ತನ್ನ ಪಾಡಿಗೆ ತಾನು ತೂಗಿಕೊಂಡು ಬಂತು. ಕೊನೆಯ ಇನ್ನೂರು ಮೀಟರಿಗೆ ಲಗಾಮು ಸಡಿಲಿಸಿದಾಗ ಐದರ ಉಸಿರೂ ಅಷ್ಟರಲ್ಲೇ ಮುಗಿದಿತ್ತು. ದೊಡ್ಡಮ್ಮ ಕತ್ತಿನಷ್ಟು ಅಂತರದಲ್ಲಿ ಗೆದ್ದುಬಿಟ್ಟಿತು.

ಗುಟ್ಟಪ್ಪನಿಗೆ ಅಳುವೋ ನಗುವೋ ತಿಳಿಯಲಿಲ್ಲ. ತಿಳಿಯುವ ಮೊದಲೇ ವಿಚಾರಣೆಗೆ ಕರೆ ಬಂತು.

ಕೋಣೆಯಲ್ಲಿ ರೇಸಿನ ನ್ಯಾಯ ನೋಡುವ ಮೂವರು ಸ್ಟೂವರ್ಡುಗಳು ಕೂತಿದ್ದರು. ಕುದುರೆಯ ಒಡತಿಯೆಂದು ಹೆಡ್‌ಮೇಡಂ ಕೂಡ ಮೂಲೆಯ ಕುರ್ಚಿಯಲ್ಲಿದ್ದರು. ಮುಖ್ಯ ಸ್ಟೂವರ್ಡ್ ಆರು ಫಾರಂ ಹರಡಿದರು.

"ಆರರಲ್ಲೂ ಒಂದೇ ಮಾತು. ಬಾಳೆಹಣ್ಣು ಸಮೇತ. ಇದು ಒಳಒಪ್ಪಂದ ಅಲ್ವೇನ್ರೀ?"

ಐವರು ಟ್ರೈನರುಗಳು ತಲೆ ತಗ್ಗಿಸಿದರು. "ಬೋರ್ಡಲ್ಲಿ ನೋಡಿ ಬರ್ಕೊಂಡ್ವಿ ಸಾರ್," ಎಂದ ಒಬ್ಬ. ನೋಡಿ ಬರೆಯಬಾರದೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಅವರನ್ನು ಕಳಿಸಿ ಮುಖ್ಯರು ಗುಟ್ಟಪ್ಪನ ಕಡೆ ತಿರುಗಿದರು.

"ನಿಮ್ಮ ಕಥೆ ಬೇರೆ. ಬೋರ್ಡಿಗೆ ಒಂದು ಬರೆದು, ಆಮೇಲೆ ಜಾಕಿ ಕಿವೀಲಿ ಇನ್ನೊಂದು ಹೇಳಿದ್ರಿ. ಎಲ್ಲರೂ ನೋಡಿದಾರೆ. ನಿಜವಾದ ಸೂಚನೆ ಯಾವುದು?"

ಗುಟ್ಟಪ್ಪ ಲೆಕ್ಕ ಹಾಕಿದ. ಚಪ್ಪಲಿಯ ವಿಷಯ ಹೇಳಿದರೆ ಹನ್ನೆರಡು ವರ್ಷದ ಮಾನ ಹೋಗುತ್ತದೆ. ಹೇಳದಿದ್ದರೆ ಲೈಸೆನ್ಸು ಹೋಗುತ್ತದೆ. ದೊಡ್ಡಮ್ಮ ಎರಡರಲ್ಲೂ ಹೋಗುತ್ತದೆ.

"ಕಾಗದದಲ್ಲಿರೋದನ್ನೇ ನೆನಪು ಮಾಡಿದೆ ಸಾರ್. ಎಲ್ಲ ಅದರಲ್ಲೇ ಇದೆ. ಗೆದ್ದದ್ದೂ ಅದರಿಂದಲೇ. ಆ ಕಾಗದ ಬಿಟ್ರೆ ನನ್ನ ಹತ್ರ ಬೇರೆ ವಿದ್ಯೆ ಏನೂ ಇಲ್ಲ."

"ಹಾಗಂತ ಬರೆದು ಸಹಿ ಹಾಕಿ."

ಗುಟ್ಟಪ್ಪ ಬರೆದು ಸಹಿ ಹಾಕಿದ. ಮುಖ್ಯರು ಎದ್ದು ಕೈಕುಲುಕಿ, ಎಲ್ಲ ಟ್ರೈನರುಗಳೂ ಇಷ್ಟು ಪ್ರಾಮಾಣಿಕರಾಗಿದ್ದರೆ ನಮಗೆ ಕೆಲಸವೇ ಇರುತ್ತಿರಲಿಲ್ಲ ಎಂದರು. ಹೊರಗೆ ಬಂದಾಗ ಗುಟ್ಟಪ್ಪನ ಕಾಲು ನೆಲದ ಮೇಲಿರಲಿಲ್ಲ. ಲೈಸೆನ್ಸು ಉಳಿಯಿತು, ಓಟ ಗೆದ್ದಾಯಿತು, ದೊಡ್ಡಮ್ಮ ಎಲ್ಲಿಗೂ ಹೋಗುವುದಿಲ್ಲ.

ಹೆಡ್‌ಮೇಡಂ ಹಿಂದಿನಿಂದ ಬಂದು ಬೆನ್ನು ತಟ್ಟಿದರು. ಅವರ ಕೈಯಲ್ಲಿ ಹಳದಿ ಫಾರಮ್ಮಿನ ಜೆರಾಕ್ಸ್ ಇತ್ತು.

"ಬಹಳ ಚೆನ್ನಾಗಿ ಬರೆದಿದೀರಿ. ನಾಲ್ಕೇ ನಾಲ್ಕು ವಾಕ್ಯ. ನಾನು ಇಷ್ಟು ವರ್ಷ ಇದರಲ್ಲಿ ಏನೋ ದೊಡ್ಡ ವಿದ್ಯೆ ಇದೆ ಅಂದ್ಕೊಂಡಿದ್ದೆ. ನೀವೇ ಹೇಳಿದ್ರಲ್ಲ, ಎಲ್ಲ ಕಾಗದದಲ್ಲೇ ಇದೆ ಅಂತ. ಹಾಗಿದ್ಮೇಲೆ ದೊಡ್ಡಮ್ಮನ್ನ ಇನ್ನೊಬ್ಬರ ಹತ್ರ ಯಾಕೆ ಬಿಡ್ಬೇಕು? ನಾಳೆಯಿಂದ ನಮ್ಮ ಮನೆ ಹಿತ್ತಲಲ್ಲೇ ಇರ್ಲಿ. ಟ್ರೈನರ್ ಲೈಸೆನ್ಸಿಗೆ ನಾನೇ ಅರ್ಜಿ ಹಾಕ್ತಿದೀನಿ. ಜಾಕಿ ಮಾತ್ರ ನಿಮ್ಮ ಬಾಮೈದಾನೇ ಇರ್ಲಿ, ಪಾಪ, ಹೇಳಿದ ಮಾತು ಕೇಳ್ತಾನೆ."

ಗುಟ್ಟಪ್ಪ ಬಾಯಿ ತೆರೆದ. ಮುಂಗಾಲಿನ ಬಿಸಿಯ ಬಗ್ಗೆ ಹೇಳಬೇಕೆಂದುಕೊಂಡ. ನಸುಕಿನಲ್ಲಿ ತನ್ನ ಹೆಜ್ಜೆ ಸದ್ದಿಗೇ ದೊಡ್ಡಮ್ಮ ಕಿವಿ ನಿಮಿರಿಸುವುದನ್ನು ಹೇಳಬೇಕೆಂದುಕೊಂಡ. ಆದರೆ ಬೇರೆ ವಿದ್ಯೆ ಏನೂ ಇಲ್ಲವೆಂದು ಹಾಕಿಬಂದ ಸಹಿಯ ಶಾಯಿ ಇನ್ನೂ ಒಣಗಿರಲಿಲ್ಲ. ಬಾಯಿ ಮುಚ್ಚಿದ.

"ಒಂದು ಸಣ್ಣ ಉಪಕಾರ," ಎಂದು ಮೇಡಂ ಚೀಲದಿಂದ ಇನ್ನೊಂದು ಕಾಗದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಕೊಟ್ಟರು. "ಅರ್ಜಿಗೆ ಅನುಭವ ಇರೋ ಟ್ರೈನರ್ ಒಬ್ಬರ ಶಿಫಾರಸು ಬೇಕಂತೆ. ನಿಮಗಿಂತ ಅನುಭವಸ್ಥರು ಇನ್ಯಾರಿದಾರೆ?"

ಗುಟ್ಟಪ್ಪ ಗೋಡೆಗೆ ಕಾಗದ ಒತ್ತಿಹಿಡಿದು ಸಹಿ ಮಾಡಿದ. ಅದರ ಮೇಲೆ 'ಅರ್ಜಿದಾರರ ಅರ್ಹತೆ' ಎಂಬ ಕಾಲಮ್ಮು ಖಾಲಿ ಇತ್ತು. ತುಂಬ ಹೊತ್ತು ಯೋಚಿಸಿ, 'ಇವರಿಗೆ ಓದಲು ಬರುತ್ತದೆ' ಎಂದು ಬರೆದುಕೊಟ್ಟ.